ರೋಹಿಣಿ ಇಳಿಯಲು ಎಡೆಯೆಲ್ಲಿ?

ರೋಹಿಣಿ ಎಂದರೆ ಚೆಂಡಿಯಾದ ರೈತನಿಗೆ ಮಳೆ. ಮೇ ತಿಂಗಳ ಕೊನೆಗೆ ಅದರ ದಾರಿ ನೋಡುತ್ತ ಅವನು ಗದ್ದೆ ಹದಮಾಡುತ್ತಾನೆ. ಅದೇ ಹೆಸರಿನ ಗ್ಲೈಡರೊಂದು, ಎಂದರೆ ಎಂಜಿನ್ ಇಲ್ಲದ ವಿಮಾನ, 1961ರಲ್ಲಿ ನಮ್ಮ ದೇಶದ ನಾಗರಿಕ ವಿಮಾನಯಾನ ಇಲಾಖೆಯಲ್ಲಿ ರೂಪುಗೊಂಡು ಹಾರಿತು. ಅಶ್ವಿನಿ, ಭರಣಿ, ಮೃಗಶಿರಾ, ಆರ್ದ್ರಾ ಎಂದು ಅದರ ಒಡಹುಟ್ಟುಗಳಿಗೂ ನಕ್ಷತ್ರಗಳದೇ ಹೆಸರು. ಹೆಸರಿಟ್ಟವರು ಆಕಾಶ ನೋಡಿ ಇಟ್ಟಿರಬೇಕು. ನಮ್ಮ ರೈತರು ಅವೇ ಹೆಸರುಗಳನ್ನು ಕೇಳಿ ನೆಲ ನೋಡುತ್ತಾರೆ.

ಕಳೆದ ಬೇಸಿಗೆಯಲ್ಲಿ ವಿದ್ಯಾರ್ಥಿಯೊಬ್ಬನೊಡನೆ ಚೆಂಡಿಯಾದ ಗದ್ದೆಗಳ ನಡುವೆ ನಡೆಯುತ್ತ ಇದನ್ನೇ ಹೇಳುತ್ತಿದ್ದೆ. “ಇಷ್ಟು ಬಯಲಿದೆಯಲ್ಲ ಸರ್, ಗ್ಲೈಡರ್ ಇಲ್ಲಿಯೇ ಇಳಿಯಬಹುದಲ್ಲ?” ಎಂದ.

ಪ್ರಶ್ನೆ ಹುಡುಗತನದ್ದೇನೂ ಅಲ್ಲ. ಈಗಿನ ಒಳ್ಳೆಯ ಗ್ಲೈಡರ್ ನಿಶ್ಚಲವಾದ ಗಾಳಿಯಲ್ಲಿ ಒಂದು ಕಿಲೋಮೀಟರು ಎತ್ತರ ಕಳೆದುಕೊಳ್ಳುವುದರೊಳಗೆ 40 ಕಿಲೋಮೀಟರು ದೂರ ಜಾರಬಲ್ಲದು. ಕಾದ ನೆಲದಿಂದೇಳುವ ಬಿಸಿಗಾಳಿ ಸಿಕ್ಕರೆ ಮತ್ತೆ ಮೇಲೇರುತ್ತದೆ. ಸಿಗದಿದ್ದರೆ ನಿಲ್ದಾಣ ಮುಟ್ಟದೆ ಯಾವುದೋ ಹೊಲದಲ್ಲಿಳಿಯಬೇಕು. ಯುರೋಪಿನ ದೇಶಗಳಲ್ಲಿ ಇದನ್ನು ಯಾರೂ ಅಪಘಾತವೆನ್ನುವುದಿಲ್ಲ. ಗೋಧಿ ಕೊಯ್ದ ಹೊಲದಲ್ಲಿಳಿದು, ರೆಕ್ಕೆ ಬಿಚ್ಚಿ, ಉದ್ದನೆಯ ಟ್ರೈಲರಿಗೆ ಹೇರಿಕೊಂಡು ಮನೆಗೆ ಹೋಗುತ್ತಾರೆ.

ಚೆಂಡಿಯಾದ ಮಾತು ಬೇರೆ. ಹತ್ತಿರದ ವಿಮಾನನಿಲ್ದಾಣಗಳು ಗೋವೆಯವು. ಮಧ್ಯಾಹ್ನದ ಕಡಲಗಾಳಿ ತಂಪು ಹೊತ್ತು ಒಳನುಗ್ಗಿದರೆ ಮೇಲೇಳುವ ಬಿಸಿಗಾಳಿ ಅಡಗಿಹೋಗುತ್ತದೆ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿಯ ಕಾಡು. ನಡುವಣ ಕಿರುಪಟ್ಟಿಯಲ್ಲಿ ಹೆದ್ದಾರಿ, ಕೊಂಕಣ ರೈಲಿನ ಹಳಿ, ತೆಂಗು, ಮನೆಗಳು ಸೇರಿ ಉಳಿದದ್ದಷ್ಟೇ ಗದ್ದೆ. ಮೇಲಿನಿಂದ ಒಂದೇ ಹಾಸಿನಂತೆ ಕಾಣುವ ಅದು ಬದುಗಳಿಂದ ತುಂಡುತುಂಡಾಗಿದೆ. ಗಂಟೆಗೆ 80 ಕಿಲೋಮೀಟರಿನಷ್ಟು ವೇಗದಲ್ಲಿ ನೆಲ ಮುಟ್ಟುವ ಗ್ಲೈಡರಿಗೆ ಮೊಳದೆತ್ತರದ ಬದುವೂ ಗೋಡೆಯೇ. ರೋಹಿಣಿ ಮಳೆ ಸುರಿದ ಮೇಲಂತೂ ಚಕ್ರ ಕೆಸರಿನಲ್ಲಿ ಹೂತು ಮೂಗು ನೆಲಕ್ಕೆ ತಾಗುತ್ತದೆ. ಪೈರು ಎದ್ದಾಗ ಒಂದು ರೆಕ್ಕೆಯ ತುದಿ ತೆನೆಗೆ ಸಿಕ್ಕಿದರೆ ಸಾಕು, ವಿಮಾನ ಗಿರ್ರನೆ ಸುತ್ತಿ ಬಾಲ ಮುರಿದುಕೊಳ್ಳುತ್ತದೆ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದೇ ಕಷ್ಟ. ಕಂಬ ನೋಡಿ ತಂತಿಯನ್ನು ಊಹಿಸಬೇಕು.

“ಹಾಗಾದರೆ ಸಮುದ್ರಕ್ಕೇ ಇಳಿದರೆ? ನೀರು ಮೆತ್ತಗಲ್ಲವೆ?”

2020ರ ಅಕ್ಟೋಬರ್ 2ರಂದು ಕಾರವಾರದ ಟಾಗೋರ್ ಕಡಲತೀರದಲ್ಲಿ ಪ್ಯಾರಾಮೋಟಾರೊಂದು ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡದ್ದನ್ನು ನೆನಪಿಸಿದೆ. ಅದು ಬಟ್ಟೆಯ ರೆಕ್ಕೆಗೆ ಎಂಜಿನ್ ಕೂಡಿಸಿದ ಬೇರೆಯೇ ಸಾಧನ. ಆದರೂ ಹುಡುಗ ಸುಮ್ಮನಾದ.

ಇಷ್ಟು ಹೇಳಿದ ಮೇಲೂ ನಾನು ಹೆಚ್ಚು ಹೆದರುವುದು ಬದುವಿಗಲ್ಲ, ಕೆಸರಿಗಲ್ಲ, ಆಸೆಗೆ. ಇನ್ನೊಂದು ಬಿಸಿಗಾಳಿ ಸಿಕ್ಕೀತೆಂದು ಚಾಲಕ ಸುತ್ತುತ್ತಲೇ ಇರುತ್ತಾನೆ. ಸುಮಾರು 300 ಮೀಟರು ಎತ್ತರವಿರುವಾಗಲೇ ಗದ್ದೆಯನ್ನು ಆರಿಸಿಕೊಂಡು ಇಳಿಯುವ ದಾರಿ ಹಿಡಿದಿರಬೇಕು. ತಡಮಾಡಿದವನು ನೆಲದ ಸಮೀಪದಲ್ಲಿ, ವೇಗ ಕುಂದಿರುವಾಗ, ಅವಸರದಿಂದ ತಿರುಗಿಸುತ್ತಾನೆ. ಒಳಬದಿಯ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು ಗ್ಲೈಡರ್ ತಿರುಚಿಕೊಂಡು ಬೀಳುತ್ತದೆ. ಸರಿಪಡಿಸಿಕೊಳ್ಳಲು ಎತ್ತರ ಉಳಿದಿರುವುದಿಲ್ಲ. ಕೆಟ್ಟ ಗದ್ದೆಯಾದರೂ ಹಿಡಿತ ತಪ್ಪದೆ ಇಳಿದವನು ವಿಮಾನ ಮುರಿದುಕೊಂಡು, ಬಹುಮಟ್ಟಿಗೆ, ನಡೆದು ಬರುತ್ತಾನೆ.

ಹುಡುಗ ಆಮೇಲೆ ಗದ್ದೆ ನೋಡಲಿಲ್ಲ, ಕಂಬಗಳನ್ನು ಎಣಿಸತೊಡಗಿದ. ಹನ್ನೊಂದರವರೆಗೆ ಎಣಿಸಿ, ಹನ್ನೆರಡನೆಯದು ಕಂಬವೋ ತಲೆ ಹೋದ ತೆಂಗೋ ಎಂದು ನನ್ನನ್ನು ಕೇಳಿದ.