ವರಾಹಲಾಂಛನದ ಅಡುಗೆಯ ಮನೆ

ಸಾಹಿತ್ಯದ ಪುಟದಲ್ಲಿ ಹಂದಿಮಾಂಸದ ಮಾತು ಬಂದುದನ್ನು ಕಂಡು ಕೆಲವರು ಹುಬ್ಬು ಗಂಟಿಕ್ಕಬಹುದು. ಪಾಕಶಾಸ್ತ್ರವು ಅರುವತ್ತನಾಲ್ಕು ಕಲೆಗಳಲ್ಲಿ ಒಂದೆಂದು ತರಗತಿಯಲ್ಲಿ ಹೇಳುವ ನಾವು, ಒಲೆಯ ಮೇಲೆ ಏನಿತ್ತು ಎಂದು ಕೇಳಲು ಮಾತ್ರ ಸಂಕೋಚಪಡುತ್ತೇವೆ. ಈ ಲೇಖಕನು ಮಾಂಸಾಹಾರಿಯೋ ಶಾಕಾಹಾರಿಯೋ ಎಂಬುದು ಇಲ್ಲಿ ಅಪ್ರಸ್ತುತ. ಪ್ರಸ್ತುತವಾದುದು ಇಷ್ಟು: ವರಾಹವನ್ನು ತನ್ನ ಲಾಂಛನವಾಗಿ ಧರಿಸಿದ ಅರಸುಮನೆತನವೊಂದು ಅದೇ ಪ್ರಾಣಿಯನ್ನು ಕೆಂಡದ ಮೇಲೆ ಹದವಾಗಿ ಬೇಯಿಸುವ ಕ್ರಮವನ್ನು ಸಾವಧಾನವಾಗಿ ಬರೆದಿಟ್ಟಿದೆ, ಆ ಮನೆತನ ತಲೆಯೆತ್ತಿದ್ದು ನಮ್ಮ ಇಂಡಿ-ಬಾಗೇವಾಡಿಗಳ ಕರಿಮಣ್ಣಿನಲ್ಲಿಯೇ.

ಭೀಮೆಯ ದಂಡೆಯ ಮೇಲೆ, ಹಳೆಯ ಇಂಡಿ ತಾಲೂಕಿನ ಸೀಮೆಯಲ್ಲಿ, ತದ್ದೇವಾಡಿ ಎಂಬ ಊರಿದೆ. ಶಾಸನಗಳ ‘ತರ್ದವಾಡಿ ಸಾಸಿರ’ಕ್ಕೆ ಹೆಸರು ಕೊಟ್ಟ ಊರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಈ ನಾಡನ್ನು ಅಣುಗಜೀವಿತವಾಗಿ ಪಡೆದು ಆಳುತ್ತಿದ್ದವನು ಚಾಲುಕ್ಯ ತೈಲಪ. ಬಾಗೇವಾಡಿ ಸೀಮೆಯ ನರಸಲಗಿಯಲ್ಲಿ ದೊರೆತ 965ರ ಶಾಸನ ಇದನ್ನು ಹೇಳುತ್ತದೆ. ಎಂಟು ವರ್ಷ ಕಳೆಯುವುದರೊಳಗೆ, 973ರಲ್ಲಿ, ಈ ಸಾಮಂತನೇ ಸಾಮ್ರಾಟನಾದ. ಮುಂದೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಬಾದಾಮಿಯ ಪೂರ್ವಿಕರದೆಂದು ಹೇಳಿಕೊಂಡ ವರಾಹಲಾಂಛನವೂ ಜೊತೆಗೆ ಹೋಯಿತು. ಕನ್ನಡ ನಾಡಿನಲ್ಲಿ ಚಿನ್ನದ ನಾಣ್ಯಕ್ಕೆ ‘ವರಹ’ ಎಂಬ ಹೆಸರು ನಿಂತುಹೋದುದು ಎಲ್ಲರಿಗೂ ತಿಳಿದದ್ದೇ.

ತೈಲಪನ ಈ ವಂಶದಲ್ಲಿ ಹುಟ್ಟಿದವನು ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ಯುದ್ಧಕ್ಕಿಂತ ವಿದ್ಯೆಯಲ್ಲಿ ಹೆಚ್ಚು ಮನಸ್ಸಿಟ್ಟ ಅರಸು. ಅವನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಉಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು; ಆನೆ, ಕುದುರೆ, ಸಂಗೀತ, ಚಿತ್ರ, ಬೇಟೆ, ಮೀನು ಹಿಡಿಯುವುದು, ಮಳೆಯ ಲಕ್ಷಣ, ಯಾವುದೂ ಬಿಟ್ಟಿಲ್ಲ. ಅದರ ಒಂದು ಭಾಗವನ್ನು ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿಯೂ ಅದು ಸಂಪುಟಗಳಾಗಿ ಬಂದಿದೆ.

ಇದರ ‘ಅನ್ನಭೋಗ’ ಎಂಬ ಅಧ್ಯಾಯವನ್ನು ನಮ್ಮವರು ಹೆಮ್ಮೆಯಿಂದ ಉಲ್ಲೇಖಿಸುವುದುಂಟು. ಇಡ್ಡಲಿಗೆ ಒಂಬೈನೂರು ವರ್ಷದ ಹಿಂದೆಯೇ ಇತ್ತು, ದೋಸೆಯೂ ಇತ್ತು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಹಂದಿಯ ಪ್ರಕರಣ ಬಂದಾಗ ಮಾತ್ರ ಆ ಭಾಷಣಕಾರರು ಎರಡು ಹಾಳೆಗಳನ್ನು ಒಟ್ಟಿಗೆ ಮಗುಚುತ್ತಾರೆ! ಅರಸನಿಗೆ ಅಂಥ ಮುಜುಗರವಿರಲಿಲ್ಲ. ಹಂದಿಯ ಮೈಗೆ ಬಿಳಿಯ ಬಟ್ಟೆ ಹೊದಿಸಿ, ಕುದಿಯುವ ನೀರನ್ನು ಮೇಲೆ ಹೊಯ್ಯುತ್ತ, ರೋಮವು ಕೈಗೆ ಸುಲಭವಾಗಿ ಬರುವಂತೆ ಮಾಡಬೇಕು. ಇಲ್ಲವೆ ಮೈಗೆ ಮಣ್ಣು ಮೆತ್ತಿ ಹುಲ್ಲಿನ ಉರಿಯಲ್ಲಿ ಸುಡಬೇಕು. ಚೆನ್ನಾಗಿ ತೊಳೆದು ಕೆಂಡದ ಮೇಲೆ ಬೇಯಿಸಿ ತುಂಡು ಮಾಡಬೇಕು. ಕೆಲವು ತುಂಡುಗಳನ್ನು ತಾಳೆಯ ಗರಿಯಂತೆ ತೆಳ್ಳಗೆ, ನೀಳವಾಗಿ ಸೀಳಿ, ಸಂಬಾರ ಬೆರೆಸಿದ ಮೊಸರಿನಲ್ಲಿ ಹಾಕಬೇಕು. ತಾಳೆಯ ಗರಿ! ಗ್ರಂಥ ಬರೆಯುವ ಓಲೆಯನ್ನೇ ಮಾಂಸದ ಸೀಳಿಗೆ ಹೋಲಿಸಿದ ಈ ಅರಸನ ಕಣ್ಣಿನಲ್ಲಿ ಕಂಠಶಾಲೆಗೂ ಅಡುಗೆಯ ಶಾಲೆಗೂ ಅಂತರವಿರಲಿಲ್ಲವೆಂದು ತೋರುತ್ತದೆ.

ಇಷ್ಟೆಲ್ಲ ಸಂಸ್ಕೃತದಲ್ಲಿ. ಕನ್ನಡದಲ್ಲಿ? ಇದೇ ಚಾಲುಕ್ಯರ ಆಶ್ರಯದಲ್ಲಿ 1025ರ ಸುಮಾರಿಗೆ ಚಾವುಂಡರಾಯ ‘ಲೋಕೋಪಕಾರ’ವನ್ನು ಬರೆದ, ಅದರಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಪದ್ಯದಲ್ಲಿ ರಚಿಸಿದ. ಎರಡೂ ಸೊಗಸಾದ ಕೃತಿಗಳು. ಬದನೆಕಾಯಿಯೊಂದರಿಂದ ಎಷ್ಟು ಬಗೆ ಹುಟ್ಟಬಹುದೆಂಬುದನ್ನು ಮಂಗರಸನಿಂದ ಕಲಿಯಬೇಕು. ಆದರೆ ಎರಡೂ ಶಾಕಪಾಕದ ಗ್ರಂಥಗಳು. ಬರೆಯುವವನ ಊಟದ ಎಲೆಯಲ್ಲಿ ಇಲ್ಲದ್ದು ಅವನ ಓಲೆಯಲ್ಲಿಯೂ ಬರಲಿಲ್ಲ, ಇದನ್ನು ತಪ್ಪೆನ್ನಲಾಗದು. ಆದರೆ ಅದರ ಪರಿಣಾಮವಾಗಿ ಕನ್ನಡ ಜನರಲ್ಲಿ ಬಹುಭಾಗದವರು ತಲತಲಾಂತರದಿಂದ ಬೇಯಿಸಿ ಉಂಡ ಅಡಿಗೆಗೆ ಕನ್ನಡದ ಹಳೆಯ ಗ್ರಂಥದಲ್ಲಿ ಸ್ಥಳವಿಲ್ಲದೆ ಹೋಯಿತು. ಅರಸನ ಅಡುಗೆಯ ಮನೆಯ ಹಂದಿ ಸಂಸ್ಕೃತ ಶ್ಲೋಕದೊಳಗೆ ಸೇರಿತು. ಬಡವನ ಗುಡಿಸಲಿನ ಹಂದಿ ಯಾವ ಛಂದಸ್ಸಿಗೂ ಸಿಗಲಿಲ್ಲ.

ಸೋಮೇಶ್ವರನ ಶತಮಾನವೇ ಬಸವಣ್ಣನವರ ಶತಮಾನವೂ ಹೌದು. ತರ್ದವಾಡಿ ನಾಡಿನ ಬಾಗೇವಾಡಿಯಿಂದ ಹೊರಟು ಕಲ್ಯಾಣವನ್ನು ಸೇರಿದ ಅವರು, ಬಲಿಗೆ ತಂದ ಕುರಿಯನ್ನು ಕಂಡು ಮರುಗಿ ವಚನ ನುಡಿದರು. ದಯೆಯ ಆ ಧರ್ಮ ನಮ್ಮ ನಾಲ್ಕೂ ತಾಲೂಕುಗಳ ಊಟದ ಮೇಲೆ ಬಿಟ್ಟ ಮುದ್ರೆಯನ್ನು ಇಂದಿಗೂ ಕಾಣಬಹುದು. ಆದರೆ ಅದೇ ಶರಣರು ಮನುಷ್ಯನನ್ನು ಅವನ ಕುಲದಿಂದ ಅಳೆಯಬಾರದೆಂದೂ ಹೇಳಿದರಲ್ಲವೆ? ಹಗ್ಗ ಹೊಸೆದು ಕಾಯಕ ಮಾಡಿದ ನುಲಿಯ ಚಂದಯ್ಯ ನಮ್ಮ ಜಿಲ್ಲೆಯ ಶಿವಣಗಿಯವನೆಂದು ಪ್ರತೀತಿ. ಕೊರವ-ಕೊರಮ ಸಮುದಾಯದವರು ಆತನನ್ನು ತಮ್ಮ ಹಿರಿಯನೆಂದು ಗೌರವಿಸುತ್ತಾರೆ. ಬುಟ್ಟಿ ಹೆಣೆದು, ಹಂದಿ ಸಾಕಿ ಬದುಕಿದ ಈ ಜನ ಊರ ಹೊರಗಿನ ಓಣಿಗಳಲ್ಲಿಯೇ ಉಳಿದರು. ಚಂದಯ್ಯನ ವಚನಗಳಿಗೆ ಪಠ್ಯದಲ್ಲಿ ಅಂಕ ಕೊಡುವ ನಮ್ಮ ಊರುಗಳಲ್ಲಿಯೇ ಹಂದಿ ಎಂಬ ಪದ ಬೈಗುಳವಾಗಿ ಮಾತ್ರ ಓಡಾಡುತ್ತದೆ. ಹಲಸಂಗಿಯ ಗೆಳೆಯರು ಹಳ್ಳಿ ಹಳ್ಳಿ ತಿರುಗಿ, ಬೀಸುವ ಕಲ್ಲಿನ ಮುಂದೆ ಕುಳಿತು ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಹಲಸಂಗಿಯೂ ಇಂಡಿ ಸೀಮೆಯದೇ. ಹಾಡಿಗೆ ದೊರೆತ ಆ ಭಾಗ್ಯ ಒಲೆಗೆ ದೊರೆಯಲಿಲ್ಲ. ಕೊರವರ ಮುದುಕಿಯೊಬ್ಬಳು ಯಾವ ತುಂಡಿಗೆ ಎಷ್ಟು ಉರಿ ಎಂದು ಬಲ್ಲಳೋ ಅದನ್ನು ಬರೆದುಕೊಳ್ಳಲು ನಮ್ಮ ವಿದ್ಯಾರ್ಥಿಗಳು ಇನ್ನೂ ಹೋಗಿಲ್ಲ.

ಉರಿಯ ಮಾತು ಬಂದುದರಿಂದ ಅದನ್ನೇ ಸ್ವಲ್ಪ ವಿಸ್ತರಿಸುತ್ತೇನೆ. ಈ ಪಾಕದ ಮರ್ಮವೆಲ್ಲ ಅಲ್ಲಿಯೇ ಇದೆ. ಹಂದಿಯ ಮುಂಗಾಲಿನ ಮೇಲಿನ ಹೆಗಲಭಾಗ ಸದಾ ದುಡಿಯುವ ಸ್ನಾಯು. ಅದರ ಎಳೆಗಳನ್ನು ಬಿಗಿದು ಕಟ್ಟಿದ ಕೊಲಾಜೆನ್ ಎಂಬ ಗಟ್ಟಿ ನಾರು ಹೇರಳವಾಗಿರುತ್ತದೆ. ಭರದ ಉರಿಗೆ ಹಿಡಿದರೆ ನೀರು ಹಿಂಡಿಹೋಗಿ ಮಾಂಸ ಚರ್ಮದಂತಾಗುತ್ತದೆ. ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಂಟೆಗಟ್ಟಲೆ ಹಾಗೆಯೇ ಇಟ್ಟರೆ ಆ ನಾರು ಕರಗಿ ಜೆಲಾಟಿನ್ ಎಂಬ ಮೃದುವಾದ ಅಂಟಾಗುತ್ತದೆ. 90ರಿಂದ 95ರ ಹದಕ್ಕೆ ಬರುವಷ್ಟರಲ್ಲಿ ಕಟ್ಟು ಬಿಚ್ಚಿ, ಬೆರಳಿನಿಂದ ಎಳೆದರೂ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಅವಸರ ಇಲ್ಲಿ ಸಲ್ಲದು. ತೆರೆದ ಕೆಂಡದ ಮೇಲೆ ಬೇಯಿಸುವಾಗ ನಡುವೆ ಗಂಟೆಗಟ್ಟಲೆ ಶಾಖ ಏರದೆ ನಿಂತುಬಿಡುತ್ತದೆ. ಮಾಂಸ ಬೆವರಿ ತನ್ನನ್ನು ತಾನು ತಂಪು ಮಾಡಿಕೊಳ್ಳುವುದೇ ಇದಕ್ಕೆ ಕಾರಣ. ಮುದ್ದೇಬಿಹಾಳದ ಬೇಸಗೆಯಲ್ಲಿ ಮಣ್ಣಿನ ಗಡಿಗೆ ಬೆವರಿ ನೀರನ್ನು ತಂಪಾಗಿಡುವ ನ್ಯಾಯವೇ ಇದು.

ಸಣ್ಣ ಉರಿಯ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಚಳಿಗಾಲದಲ್ಲಿ ಸಿಂದಗಿಯ ಕಡೆಯ ಹೊಲಗಳಲ್ಲಿ ಕುಣಿ ತೋಡಿ, ಕುಳ್ಳು ಹೊತ್ತಿಸಿ, ಉರಿಯೆಲ್ಲ ಅಡಗಿ ಕೆಂಡ ಬೂದಿ ಹೊದೆದ ಮೇಲೆ ಎಳೆಯ ಜೋಳದ ತೆನೆಯನ್ನು ಅದರಲ್ಲಿ ಹುದುಗಿಸಿ ಸೀತನಿ ಮಾಡುತ್ತಾರೆ. ಕುಳ್ಳಿನ ಬೆಂಕಿಯ ಮೇಲೆ ಮುಂಜಾನೆ ಇಟ್ಟ ಹಾಲು ಸಂಜೆಯ ಹೊತ್ತಿಗೆ ಕೆಂಪಗೆ ಕಾಯ್ದು ದಪ್ಪ ಕೆನೆ ಕಟ್ಟುವುದನ್ನು ಹಳ್ಳಿಯಲ್ಲಿ ಬೆಳೆದವರು ಮರೆತಿರಲಾರರು. ಪ್ರೆಶರ್ ಕುಕ್ಕರಿನ ಸೀಟಿಗೆ ಕಿವಿಗೊಟ್ಟು ನಾವು ಆ ತಾಳ್ಮೆಯನ್ನು ಬಿಟ್ಟುಕೊಟ್ಟೆವು.

ಅಮೆರಿಕೆಯವರು ಇದನ್ನು ಬಿಟ್ಟುಕೊಡಲಿಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಬೆಂಕಿಯ ಮೇಲೆ ಕಟ್ಟುತ್ತಿದ್ದ ಕೋಲುಗಳ ಅಟ್ಟಕ್ಕೆ ಇದ್ದ ಹೆಸರು ಸ್ಪೇನಿನವರ ಬಾಯಲ್ಲಿ ‘ಬಾರ್ಬಕೋವ’ ಆಗಿ, ಇಂಗ್ಲಿಷಿನಲ್ಲಿ ಬಾರ್ಬೆಕ್ಯೂ ಆಯಿತು. ಹಂದಿ ಆ ಖಂಡದ ಪ್ರಾಣಿಯಲ್ಲ, ಸ್ಪೇನಿನವರೇ ಹಡಗಿನಲ್ಲಿ ತಂದದ್ದು. ದಕ್ಷಿಣದ ಸಂಸ್ಥಾನಗಳಲ್ಲಿ ನೆಲಕ್ಕೆ ಕುಣಿ ತೋಡಿ ಇಡೀ ರಾತ್ರಿ ಕೆಂಡ ಕಾಯುತ್ತ ಹಂದಿಯನ್ನು ಬೇಯಿಸಿದವರು ಹೆಚ್ಚಾಗಿ ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. ಔತಣ ಕೊಟ್ಟ ಧಣಿಗಳ ಹೆಸರು ಪತ್ರಿಕೆಗಳಲ್ಲಿ ಬಂತು. ನಿದ್ದೆಗೆಟ್ಟವರಲ್ಲಿ ಬಹುತೇಕರ ಹೆಸರು ಎಲ್ಲಿಯೂ ಇಲ್ಲ. ನಮ್ಮ ಓಣಿಯ ಕತೆಯೇ ಸಮುದ್ರದಾಚೆಯೂ.

ಆ ರಾತ್ರಿಯ ಕಾವಲನ್ನು ಈಗ ಸ್ಲೋ ಕುಕ್ಕರ್ ಎಂಬ ವಿದ್ಯುತ್ತಿನ ಪಾತ್ರೆ ಮಾಡುತ್ತದೆ. ಇದರ ಹುಟ್ಟಿನಲ್ಲಿಯೂ ಒಂದು ವಿನೋದವಿದೆ. ಯೆಹೂದ್ಯರು ಶಬ್ಬತ್ತಿನ ದಿನ ಬೆಂಕಿ ಹೊತ್ತಿಸುವಂತಿಲ್ಲ. ಆದುದರಿಂದ ಲಿಥುವೇನಿಯದ ವಿಲ್ನಾ ಪಟ್ಟಣದಲ್ಲಿ ಶುಕ್ರವಾರವೇ ಕಾಳು-ಮಾಂಸದ ಗಡಿಗೆಯನ್ನು ಬೇಕರಿಯ ಒಲೆಯಲ್ಲಿಟ್ಟು, ಆರುತ್ತಿರುವ ಅದರ ಕಾವಿನಲ್ಲಿ ಮರುದಿನದವರೆಗೆ ಬೇಯಲು ಬಿಡುತ್ತಿದ್ದರು. ತಾಯಿಯಿಂದ ಈ ಸಂಗತಿಯನ್ನು ಕೇಳಿದ್ದ ಅಮೆರಿಕೆಯ ಅರ್ವಿಂಗ್ ನ್ಯಾಕ್ಸನ್ ಅಂಥದೇ ಪಾತ್ರೆ ರಚಿಸಿ 1940ರಲ್ಲಿ ಅದರ ಹಕ್ಕು ಪಡೆದ. 1971ರಲ್ಲಿ ರೈವಲ್ ಕಂಪನಿ ಅದನ್ನು ಸುಧಾರಿಸಿ ‘ಕ್ರಾಕ್-ಪಾಟ್’ ಎಂದು ಮಾರಿತು. ಹಂದಿಯನ್ನು ಮುಟ್ಟದ ಮತದವರ ಅಡುಗೆಮನೆಯಲ್ಲಿ ಬೀಜಗೊಂಡ ಪಾತ್ರೆ ಈಗ ಹಂದಿಯ ಹೆಗಲನ್ನು ಬೇಯಿಸುತ್ತಿದೆ! ವರಾಹಲಾಂಛನದ ಅರಸ ಇದನ್ನು ಕೇಳಿದ್ದರೆ ನಕ್ಕಿರುತ್ತಿದ್ದ.

ಕನ್ನಡ ನಾಡಿನಲ್ಲಿ ಈ ವಿದ್ಯೆ ನಾಚಿಕೆಯಿಲ್ಲದೆ, ಹಬ್ಬದ ಗೌರವದಿಂದ ಉಳಿದಿರುವುದು ಕೊಡಗಿನಲ್ಲಿ. ಮಂಗಳೂರಿನ ಕ್ರೈಸ್ತರ ಬಫಾತೂ ಹೆಸರಾದದ್ದೇ. ಆದರೆ ಭಾಷೆಯ ವಿದ್ಯಾರ್ಥಿಗೆ ಕೊಡಗಿನ ಪಂದಿಕರಿಯಲ್ಲಿ ಇನ್ನೊಂದು ರುಚಿಯಿದೆ. ಪಕಾರ ಹಕಾರವಾಗುವ ಮೊದಲು ನಮ್ಮ ಹಂದಿಯೂ ‘ಪಂದಿ’ಯೇ. 949-50ರ ಆತಕೂರು ಶಾಸನದಲ್ಲಿ, ಮೂರನೆಯ ಕೃಷ್ಣನಿಂದ ಮಣಲೆರನು ಬೇಡಿ ಪಡೆದ ಕಾಳಿ ಎಂಬ ನಾಯಿ ಕಾದಿ ಸತ್ತದ್ದು, ಕಾದಿ ಕೊಂದದ್ದು, ಒಂದು ಪಂದಿಯೊಡನೆ. ತೈಲಪನಿಗೆ ತರ್ದವಾಡಿ ಕೊಟ್ಟ ಕೃಷ್ಣನೇ ಇವನು. ಕಲ್ಲಿನ ಮೇಲಿನ ಆ ಹಳಗನ್ನಡದ ರೂಪ ಕೊಡವ ನುಡಿಯಲ್ಲಿ ಇಂದಿಗೂ ಹಬೆಯಾಡುತ್ತಿದೆ. ಹಿಂದೆ ಬೇಟೆಯ ಕಾಡುಹಂದಿಯೇ ಬೇಕಿತ್ತು. 1972ರ ವನ್ಯಜೀವಿ ಕಾಯಿದೆಯ ತರುವಾಯ ಸಾಕಿದ ಹಂದಿಯೇ ಗತಿ. ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ, ಕಡಂಬುಟ್ಟಿನೊಡನೆ ಪಂದಿಕರಿಯನ್ನು ಉಣ್ಣುತ್ತಾರೆ.

ಅದನ್ನು ಸ್ಲೋ ಕುಕ್ಕರಿನಲ್ಲಿ ಮಾಡಬಯಸುವವರು ಗಮನಿಸಬೇಕಾದದ್ದು ಕೆಲವೇ. ತೊಗಲೂ ಕೊಬ್ಬೂ ಇರುವ ಹೆಗಲಿನ ತುಂಡುಗಳಿಗೆ ಉಪ್ಪು, ಅರಿಸಿನ, ಖಾರದ ಪುಡಿ ಹಚ್ಚಿ ಒಂದು ಗಂಟೆ ಬಿಡಬೇಕು. ಈ ಪಾತ್ರೆಯಲ್ಲಿ ಯಾವುದೂ ಕೆಂಪಗಾಗುವುದಿಲ್ಲ. ಆದ್ದರಿಂದ ಮೊದಲು ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಗಳೊಡನೆ ತುಂಡುಗಳನ್ನು ಹುರಿದುಕೊಳ್ಳಬೇಕು. ನೀರು ಆವಿಯಾಗಿ ಹೋಗದ ಕಾರಣ ಅರ್ಧ ಲೋಟ ಸಾಕು. ಕೊಬ್ಬೇ ಉಳಿದ ರಸವನ್ನು ಕೊಡುತ್ತದೆ. ಸಣ್ಣ ಕಾವಿನಲ್ಲಿ ಏಳೆಂಟು ಗಂಟೆ. ನಡುನಡುವೆ ಮುಚ್ಚಳ ತೆಗೆದು ಇಣುಕುವ ಚಪಲವನ್ನು ಬಿಡಬೇಕು, ಒಮ್ಮೆ ತೆಗೆದರೆ ಹೋದ ಕಾವು ಬೇಗ ಮರಳುವುದಿಲ್ಲ. ಹಿಮಗಟ್ಟಿದ ಮಾಂಸವನ್ನು ಹಾಗೆಯೇ ಹಾಕಬಾರದು. ಹಂದಿಮಾಂಸದಲ್ಲಿ ಲಾಡಿಹುಳುವಿನ ಕೋಶಗಳಿರುವ ಸಂಭವವುಂಟು. ಒಳಗಿನವರೆಗೆ ಬೆಂದರೆ ಅವು ಸಾಯುತ್ತವೆ, ಅರೆಬೆಂದರೆ ಇಲ್ಲ.

ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯಗಳನ್ನು ಇನ್ನೇನು ಸೀದೀತು ಎನ್ನುವಷ್ಟು ಕಪ್ಪಗೆ ಹುರಿದು ಮಾಡಿದ ಪುಡಿ ಕೊನೆಯ ಅರ್ಧ ಗಂಟೆಯಲ್ಲಿ ಬೀಳಬೇಕು. ಎಲ್ಲಕ್ಕೂ ಕಡೆಗೆ ಕಚಂಪುಳಿ. ಮಲೆಯ ಪುಳಿಹಣ್ಣು ಕಳಿತು ತೊಟ್ಟಿಕ್ಕಿದ ರಸವನ್ನು ಕುದಿಸಿ ಇಳಿಸಿದ ಕಪ್ಪು ಹುಳಿ ಅದು. ಒಂದೆರಡು ಚಮಚ ಸಾಕು. ಕೊಬ್ಬಿಗೆ ಹುಳಿ ಬೇಕೆಂಬುದನ್ನು ಎಲ್ಲ ಸೀಮೆಯವರೂ ತಾವು ತಾವೇ ಕಂಡುಕೊಂಡಿದ್ದಾರೆ: ಸೋಮೇಶ್ವರನ ಬಾಣಸಿಗರು ಮೊಸರು ಸುರಿದರು, ಪೂರ್ವ ಕೆರೊಲಿನದವರು ಮೆಣಸು ಬೆರೆಸಿದ ವಿನಿಗರ್ ಚಿಮುಕಿಸುತ್ತಾರೆ. ಕಚಂಪುಳಿ ನಮ್ಮ ಸಂತೆಗಳಲ್ಲಿ ಸಿಗುವ ವಸ್ತುವಲ್ಲ. ಗಟ್ಟಿಯಾಗಿ ಕಿವುಚಿದ ಹಳೆಯ ಹುಣಿಸೆಯ ರಸ ಅದರ ಸಮಕ್ಕೆ ಬರದಿದ್ದರೂ ಹತ್ತಿರಕ್ಕೆ ಬರುತ್ತದೆ. ಕಡಂಬುಟ್ಟಿನ ಬದಲಿಗೆ ಖಡಕ್ ರೊಟ್ಟಿಯನ್ನು ಮುರಿದು ಆ ಕರಿಯ ರಸದಲ್ಲಿ ಎರಡು ನಿಮಿಷ ನೆನೆಯಲು ಬಿಟ್ಟರೆ, ಅದು ಮೆತ್ತಗಾಗಿಯೂ ಮುದ್ದೆಯಾಗದೆ ನಿಲ್ಲುತ್ತದೆ.