ಕಲಾವಿದರ ಕೈಬರಹದ ಪತ್ರಗಳು: ಸಂಗ್ರಹ, ಮೌಲ್ಯ ಮತ್ತು ಕಾನೂನು

ಹಳೆಯ ಕಾಗದಪತ್ರಗಳನ್ನು ಎಷ್ಟು ವರ್ಷ ಕಾಯ್ದಿರಿಸಬೇಕೆಂಬ ಪ್ರಶ್ನೆ ನಮ್ಮ ವರ್ತಕ ಬಾಂಧವರಿಂದ ಪ್ರತಿ ವರ್ಷವೂ ಬರುತ್ತದೆ. ಕಂಪನಿಗಳಾದರೆ 8 ವರ್ಷ, ಜಿಎಸ್‌ಟಿ ಕಾಯಿದೆಯಡಿ ವಾರ್ಷಿಕ ವಿವರಪಟ್ಟಿಯ ಅಂತಿಮ ದಿನಾಂಕದಿಂದ 72 ತಿಂಗಳು ಎಂದು ಲೆಕ್ಕಪರಿಶೋಧಕರಾದ ನಾವು ಉತ್ತರಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಭಾಲ್ಕಿಯ ಅಡತ ವ್ಯಾಪಾರಸ್ಥರೊಬ್ಬರಿಗೆ ನಾನು ಇದೇ ಉತ್ತರವನ್ನು ಕೊಟ್ಟಿದ್ದೆ. ಅವರು ಅಟ್ಟದ ಮೇಲಿದ್ದ ತಂದೆಯ ಕಾಲದ ಕಾಗದಗಳನ್ನೆಲ್ಲ ಮೂರು ಚೀಲಗಳಲ್ಲಿ ತುಂಬಿ ರದ್ದಿಗೆ ಹಾಕಿಬಿಟ್ಟರು. ಮುಂದಿನ ದೀಪಾವಳಿಯ ಲಕ್ಷ್ಮೀಪೂಜೆಗೆ ಅವರ ಅಂಗಡಿಗೆ ಹೋದಾಗ ಗೋಡೆಯ ಮೇಲಿದ್ದ ಹಳೆಯ ಚಿತ್ರವೊಂದರ ಬಗ್ಗೆ ಕೇಳಿದೆ. ಅವರ ತಂದೆಯವರು ಅಂಗಡಿಯ ಕ್ಯಾಲೆಂಡರಿಗಾಗಿ ಹೆಸರಾಂತ ಚಿತ್ರಕಾರರೊಬ್ಬರಿಂದ ಬರೆಸಿದ್ದ ಚಿತ್ರವದು. "ಅವರ ಕಾಗದಗಳೂ ಭಾಳ ಇದ್ದವು ಸಾಹೇಬರೆ, ನೀವು ತೆಗೀರಿ ಅಂದ್ರಿ, ತೆಗೆದೆವು" ಎಂದರು. ಅವರ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಕಾನೂನಿನ ದೃಷ್ಟಿಯಿಂದ ನನ್ನ ಸಲಹೆ ಸರಿಯಾಗಿದ್ದಿತಾದರೂ ಅದು ಅಪೂರ್ಣವಾಗಿತ್ತು. ಪ್ರಸ್ತುತ ಲೇಖನವನ್ನು ಬರೆಯಲು ಅದೇ ಕಾರಣ.

ಕಲಾವಿದರ ಪತ್ರಗಳು ವರ್ತಕರ ಮನೆಗಳಲ್ಲಿ ಏಕಿರಬೇಕು ಎಂದು ಕೆಲವರಿಗೆ ಅನ್ನಿಸಬಹುದು. ನೆರೆಯ ಕಲಬುರಗಿಯಲ್ಲಿ 1916ರಲ್ಲಿ ಜನಿಸಿದ ಎಸ್. ಎಂ. ಪಂಡಿತರನ್ನು ನೆನೆದರೆ ಉತ್ತರ ದೊರೆಯುತ್ತದೆ. ಚಲನಚಿತ್ರಗಳ ಭಿತ್ತಿಚಿತ್ರಗಳಿಂದಲೂ ಕ್ಯಾಲೆಂಡರುಗಳ ಪೌರಾಣಿಕ ಚಿತ್ರಗಳಿಂದಲೂ ಅವರ ಕಲೆ ದೇಶದ ಮನೆಮನೆಯನ್ನು ತಲುಪಿತು. ಕ್ಯಾಲೆಂಡರ್ ಎಂಬುದು ವ್ಯಾಪಾರದ ವಸ್ತು. ಅದಕ್ಕೆ ಬೇಡಿಕೆ, ಮುಂಗಡ, ತಕರಾರು, ವಿಳಂಬ ಎಲ್ಲವೂ ಪತ್ರಮುಖೇನ ನಡೆಯುತ್ತಿದ್ದವು. ಬೀದರಿನ ಬಿದರಿ ಕೆಲಸದ ವ್ಯವಹಾರವೂ ಹಾಗೆಯೇ. 2006ರಲ್ಲಿ ಭೌಗೋಳಿಕ ಸೂಚಿಕೆಯನ್ನು ಪಡೆದ ಈ ಕಲೆಯ ಕುಶಲಕರ್ಮಿ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ನಮ್ಮ ನಡುವಿನ ಇಂತಹ ಕಲಾವಿದರು ಕೈಯಾರೆ ಬರೆದುಕೊಟ್ಟ ಒಂದು ನಮೂನೆಯ ಚೀಟಿಯನ್ನು ಎಷ್ಟು ಮಂದಿ ವರ್ತಕರು ಜೋಪಾನ ಮಾಡಿದ್ದಾರೆ? ಬಿಲ್ಲನ್ನು ಮಾತ್ರ ಇಟ್ಟಿರುತ್ತೇವೆ, ಅದೂ ನಮ್ಮ ಭಯಕ್ಕೆ.

ಇಂತಹ ಪತ್ರಗಳಿಗೆ ಮಾರುಕಟ್ಟೆಯುಂಟೆ ಎಂಬುದು ವರ್ತಕನ ಸಹಜ ಪ್ರಶ್ನೆ. ಉಂಟು. ರವೀಂದ್ರನಾಥ ಠಾಕೂರರು ಧೂರ್ಜಟಿಪ್ರಸಾದ ಮುಖರ್ಜಿಯವರಿಗೆ 1927ರಿಂದ 1936ರವರೆಗೆ ಬರೆದ 35 ಪತ್ರಗಳ ಕಟ್ಟು 2025ರ ಜೂನ್‌ನಲ್ಲಿ ನಡೆದ ಹರಾಜಿನಲ್ಲಿ ಸುಮಾರು 5.9 ಕೋಟಿ ರೂಪಾಯಿಗಳಿಗೆ ಮಾರಾಟವಾಯಿತು. ಚಿತ್ರಕಾರರಾದ ವ್ಯಾನ್ ಗೋ ಮತ್ತು ಗೊಗ್ಯಾನ್ ಕೂಡಿ 1888ರಲ್ಲಿ ಗೆಳೆಯನೊಬ್ಬನಿಗೆ ಬರೆದ ಒಂದೇ ಪತ್ರಕ್ಕೆ 2020ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯವು 2,10,600 ಯೂರೋ ತೆತ್ತಿತು. ಇವು ಶಿಖರದ ಬೆಲೆಗಳೇ ಹೊರತು ನಮ್ಮ ಪೇಟೆಯ ಧಾರಣೆಯಲ್ಲ. ಪ್ರಾದೇಶಿಕ ಕಲಾವಿದರ ಪತ್ರಗಳಿಗೆ ನಿಶ್ಚಿತ ದರವೆಂಬುದಿಲ್ಲ. ತೊಗರಿಯಂತೆ ಬೆಳಗಿನ ಸವಾಲಿನಲ್ಲಿ ಬೆಲೆ ಗೊತ್ತಾಗುವ ಸರಕು ಇದಲ್ಲವಾದ್ದರಿಂದ ಹೂಡಿಕೆಯೆಂದು ಭಾವಿಸಿ ಇದಕ್ಕೆ ಕೈಹಾಕುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಪತ್ರದ ಬೆಲೆಯನ್ನು ನಿರ್ಧರಿಸುವುದು ಸಹಿಗಿಂತ ಹೆಚ್ಚಾಗಿ ಅದರ ವಿಷಯ. "ತಮ್ಮ ಪತ್ರ ತಲುಪಿತು" ಎಂಬ ಎರಡು ಸಾಲಿಗಿಂತ ಚಿತ್ರದ ಬಣ್ಣ, ಸಂಭಾವನೆ ಅಥವಾ ಮನಸ್ತಾಪವನ್ನು ಕುರಿತ ಪತ್ರಕ್ಕೆ ಬೆಲೆ ಹೆಚ್ಚು. ಅಂಚಿನಲ್ಲಿ ರೇಖಾಚಿತ್ರವಿದ್ದರೆ ಇನ್ನೂ ಹೆಚ್ಚು. ವ್ಯಾನ್ ಗೋ ಬರೆದ ಪತ್ರಗಳಲ್ಲಿ ಸುಮಾರು 820 ಇಂದಿಗೂ ಉಳಿದಿವೆ. ಅವುಗಳಲ್ಲಿ ಬಹುಪಾಲು ಸೋದರ ಥಿಯೋನಿಗೆ ಬರೆದವು. ಥಿಯೋನ ಪತ್ನಿ ಜೊಹಾನಾ ಅವುಗಳನ್ನು ಕಾದಿಟ್ಟು 1914ರಲ್ಲಿ ಪ್ರಕಟಿಸಿದುದರಿಂದ ಆ ಚಿತ್ರಗಳ ಹಿಂದಿನ ಮನುಷ್ಯ ಜಗತ್ತಿಗೆ ಪರಿಚಯವಾದ. ನಮ್ಮಲ್ಲಿ ಅಮೃತಾ ಶೇರ್‌ಗಿಲ್ ತಾನು ಕೂಡಿಟ್ಟಿದ್ದ ಪತ್ರಗಳನ್ನು ತಂದೆತಾಯಿಗಳು ಓದಿ ಬೆಂಕಿಗೆ ಹಾಕಿದರೆಂದು ತಿಳಿದು ನೊಂದುಕೊಂಡಿದ್ದರು. ನಾಶಮಾಡುವವರು ಶತ್ರುಗಳೇ ಆಗಬೇಕೆಂದಿಲ್ಲ.

ಇನ್ನು ನಕಲಿಯ ವಿಚಾರ. ಬೀದರಿನವರಿಗೆ ಇದರ ಅಪಾಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಗಿಲಾನ್ ಪ್ರಾಂತದಿಂದ ವ್ಯಾಪಾರಕ್ಕಾಗಿ ಬಂದು, ಬಹಮನಿ ಸುಲ್ತಾನರಿಂದ 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕಶ್ರೇಷ್ಠ, ಎಂಬ ಬಿರುದನ್ನು ಪಡೆದು, ಪ್ರಧಾನಿಯಾಗಿ, ಮದರಸಾವನ್ನು ಕಟ್ಟಿಸಿದ ಮಹಮೂದ್ ಗವಾನನು 1481ರಲ್ಲಿ ಪ್ರಾಣ ತೆತ್ತದ್ದು ಒಂದು ಕೂಟಪತ್ರದಿಂದ. ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆದ ಪತ್ರವನ್ನು ವಿರೋಧಿಗಳು ಸೃಷ್ಟಿಸಿದರು. ಮುದ್ರೆ ಅಸಲಿ, ಬರಹ ನಕಲಿ! ಅದೇ ಗವಾನನ ನಿಜವಾದ ಪತ್ರಗಳು 'ರಿಯಾಜ್-ಉಲ್-ಇನ್ಶಾ' ಎಂಬ ಪಾರಸಿ ಸಂಕಲನದಲ್ಲಿ ಉಳಿದುಬಂದಿವೆ. ಕವಿ ಜಾಮಿಯಂತಹವರೊಡನೆ ಅವನಿಗೆ ಪತ್ರವ್ಯವಹಾರವಿತ್ತು. ಖಾಲಿ ಕಾಗದಕ್ಕೆ ಸಹಿ ಮಾಡಿ ನಮ್ಮ ಕಚೇರಿಗಳಿಗೆ ಕಳುಹಿಸುವ ಕಕ್ಷಿದಾರರಿಗೆ ಈ ಪ್ರಸಂಗವನ್ನು ನಾನು ಆಗಾಗ್ಗೆ ಜ್ಞಾಪಿಸುವುದುಂಟು.

ಔರಾದ ತಾಲ್ಲೂಕಿನ ನನ್ನ ಕಕ್ಷಿದಾರರೊಬ್ಬರು ಪ್ರಸಿದ್ಧ ಚಿತ್ರಕಾರರದೆಂದು ಹೇಳಲಾದ 1965ರ ಪತ್ರವೊಂದನ್ನು ಪರಊರಿನಲ್ಲಿ ಕೊಂಡು ತಂದಿದ್ದರು. "ಇದು ಅಸಲಿ ಅದರೀ?" ಎಂದು ಮೇಜಿನ ಮೇಲಿಟ್ಟರು. ಕೈಬರಹವನ್ನು ಪರೀಕ್ಷಿಸುವ ವಿದ್ಯೆ ನನಗಿಲ್ಲ. ಆದರೆ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇತ್ತು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು! ಇಂತಹ ಪರೀಕ್ಷೆಗೆ ತಜ್ಞರು ಬೇಕಿಲ್ಲ, ಲೆಕ್ಕ ತಪಾಸಣೆಯ ಬುದ್ಧಿ ಸಾಕು. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಒಳನಾಡ ಪತ್ರ 1950ರಲ್ಲಿ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದದ್ದು 1973ರಲ್ಲಿ. ಪತ್ರದ ದಿನಾಂಕದೊಡನೆ ಇವುಗಳನ್ನು ತಾಳೆ ನೋಡಿದರೆ ಅರ್ಧದಷ್ಟು ಮೋಸ ಅಲ್ಲಿಯೇ ಹೊರಬೀಳುತ್ತದೆ. ಉಳಿದರ್ಧಕ್ಕೆ ಪತ್ರವು ಯಾರಿಂದ ಯಾರ ಕೈಗೆ ಬಂದಿತೆಂಬ ಸರಪಳಿಯೇ ಮುಖ್ಯ ಪುರಾವೆ. ಕೊಳ್ಳುವಾಗ ರಸೀದಿಯನ್ನೂ, ಮಾರಿದವರ ಲಿಖಿತ ಹೇಳಿಕೆಯನ್ನೂ ಪಡೆಯತಕ್ಕದ್ದು. ಔರಾದದವರು ಎರಡನ್ನೂ ಪಡೆದಿರಲಿಲ್ಲ, ಹಣ ಮರಳಲಿಲ್ಲ.

ಲಕೋಟೆಯನ್ನು ಎಸೆಯಬಾರದು, ಅಂಚೆಚೀಟಿಯನ್ನು ಕತ್ತರಿಸಬಾರದು. ನಿಜಾಮರ ಸಂಸ್ಥಾನಕ್ಕೆ ಅದರದೇ ಅಂಚೆಯಿತ್ತು. 1931ರಲ್ಲಿ ಆ ಸಂಸ್ಥಾನವು ಹೊರಡಿಸಿದ ಚಿತ್ರಸಹಿತ ಚೀಟಿಗಳಲ್ಲಿ 12 ಆಣೆಯದರ ಮೇಲಿರುವುದು ನಮ್ಮ ಗವಾನನ ಮದರಸಾ. ಅಂಚೆಯ ಮೊಹರು ದಿನಾಂಕಕ್ಕೆ ಸಾಕ್ಷಿ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಆ ಕಾಲದ ಪತ್ರಗಳು ಉರ್ದುವಿನಲ್ಲಿಯೋ ಮೋಡಿ ಲಿಪಿಯ ಮರಾಠಿಯಲ್ಲಿಯೋ ಇರುವುದು ಸಾಮಾನ್ಯ. ಓದಲು ಬಾರದೆಂಬ ಕಾರಣಕ್ಕೇ ಅವು ಮೊದಲು ರದ್ದಿಯ ಪಾಲಾಗುತ್ತವೆ.

ಕಾನೂನಿನಲ್ಲಿ ಗಮನಿಸಬೇಕಾದ ಮೊದಲ ಅಂಶ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ. ಇತರ ವಸ್ತುಗಳಿಗೆ ನೂರು ವರ್ಷವಾಗಬೇಕು. ಆದರೆ ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯದ ಮೌಲ್ಯವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳು 75 ವರ್ಷಕ್ಕೇ ಪುರಾವಸ್ತುಗಳಾಗುತ್ತವೆ. ಹೈದರಾಬಾದ್ ವಿಮೋಚನೆಯ ಕಾಲದ, ಅಂದರೆ 1948ರ, ಪತ್ರಗಳು ಈಗಾಗಲೇ ಈ ಮಿತಿಯನ್ನು ದಾಟಿವೆ. ಇಂತಹವುಗಳನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ರಫ್ತು ಮಾಡುವಂತಿಲ್ಲ; ಮಾಡಿದರೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸವುಂಟು. ಅಮೆರಿಕದಲ್ಲಿರುವ ಮಗನಿಗೆಂದು ಪೆಟ್ಟಿಗೆಯಲ್ಲಿ ಇಟ್ಟುಕಳುಹಿಸುವವರು ಇದನ್ನು ತಿಳಿದಿರಬೇಕು. ಪುರಾವಸ್ತುಗಳ ಮಾರಾಟವನ್ನೇ ವ್ಯಾಪಾರವಾಗಿ ನಡೆಸುವವರಿಗೆ ಪರವಾನಗಿಯೂ ಕಡ್ಡಾಯ.

ಆದಾಯ ತೆರಿಗೆಯ ಪ್ರಶ್ನೆ ಸ್ವಲ್ಪ ತೊಡಕಿನದು. ಚಿತ್ರಗಳು, ಶಿಲ್ಪಗಳು ಮತ್ತು ಕಲಾಕೃತಿಗಳನ್ನು 2008–09ನೇ ತೆರಿಗೆ ನಿರ್ಧಾರಣಾ ವರ್ಷದಿಂದ ವೈಯಕ್ತಿಕ ವಸ್ತುಗಳ ವಿನಾಯಿತಿಯಿಂದ ಹೊರಗಿಡಲಾಗಿದೆ. ಅವುಗಳ ಮಾರಾಟದ ಲಾಭಕ್ಕೆ ತೆರಿಗೆಯುಂಟು. ಬರಿಯ ಅಕ್ಷರಗಳಿರುವ ಪತ್ರ ಕಲಾಕೃತಿಯೇ? ಅಲ್ಲವೆಂದು ವಾದಿಸಬಹುದು. ಆದರೆ ಅದು ವೈಯಕ್ತಿಕ ಬಳಕೆಯ ವಸ್ತುವೆಂದು ಸಾಧಿಸುವುದೂ ಸುಲಭವಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುತ್ತಿದ್ದ ಚಿನ್ನದ ನಾಣ್ಯ, ಬೆಳ್ಳಿಗಟ್ಟಿಗಳನ್ನು ಸಹ ವೈಯಕ್ತಿಕ ವಸ್ತುಗಳೆಂದು ಒಪ್ಪಲು ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ನಿರಾಕರಿಸಿತು. ಆದ್ದರಿಂದ ಲಾಭವನ್ನು ಘೋಷಿಸಿ ತೆರಿಗೆ ಕಟ್ಟುವುದೇ ಲೇಸೆಂಬುದು ನನ್ನ ಅಭಿಪ್ರಾಯ. 24 ತಿಂಗಳಿಗೂ ಮೇಲ್ಪಟ್ಟು ಹೊಂದಿದ್ದರೆ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದರ ದರ ಶೇಕಡಾ 12.5, ಹಣದುಬ್ಬರದ ಸೂಚ್ಯಂಕದ ಸೌಲಭ್ಯವಿಲ್ಲ. ಪಿತ್ರಾರ್ಜಿತವಾಗಿ ಬಂದ ಹಳೆಯ ಪತ್ರಕ್ಕೆ 2001ರ ಏಪ್ರಿಲ್ 1ರ ಮಾರುಕಟ್ಟೆ ಮೌಲ್ಯವನ್ನು ವೆಚ್ಚವೆಂದು ಪರಿಗಣಿಸಲು ಅವಕಾಶವಿದೆ. ಆ ಮೌಲ್ಯಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಇರಲಿ. 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸಕೂಡದೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

ಪತ್ರ ನಿಮ್ಮದಾದ ಮಾತ್ರಕ್ಕೆ ಅದರಲ್ಲಿನ ಬರಹ ನಿಮ್ಮದಾಗುವುದಿಲ್ಲ ಎಂಬುದನ್ನು ಅನೇಕರು ಅರಿಯರು. ಕಾಗದ ಪಡೆದವರದು, ಕೃತಿಸ್ವಾಮ್ಯ ಬರೆದವರದು, ಅನಂತರ ಅವರ ವಾರಸುದಾರರದು. ಲೇಖಕರು ಜೀವಿಸಿದ್ದಾಗ ಪ್ರಕಟವಾದುದಕ್ಕೆ ಅವರ ಮರಣಾನಂತರ 60 ವರ್ಷದ ಮಿತಿ. ಅಪ್ರಕಟಿತವಾಗಿ ಉಳಿದುದಕ್ಕಾದರೋ ಮೊದಲು ಪ್ರಕಟವಾದ ಮೇಲೆ 60 ವರ್ಷ. ಆದಕಾರಣ ಸಂಸ್ಥೆಯ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅಂತಹ ಪತ್ರವನ್ನು ಅಚ್ಚುಹಾಕಿಸುವ ಮುನ್ನ ಕಲಾವಿದರ ಕುಟುಂಬದ ಲಿಖಿತ ಅನುಮತಿಯನ್ನು ಪಡೆಯಬೇಕು.

ಸಂರಕ್ಷಣೆಯಲ್ಲಿ ನಮ್ಮ ವೃತ್ತಿಯ ಅಭ್ಯಾಸಗಳೇ ಶತ್ರುಗಳು. ಅಂಗಡಿಯ ತಂತಿಗೆ ಚುಚ್ಚುವುದು, ಪಂಚ್ ಮಾಡಿ ಕಡತಕ್ಕೆ ಸೇರಿಸುವುದು, ಸ್ಟೇಪ್ಲರ್ ಹೊಡೆಯುವುದು, ಹರಿದಲ್ಲಿ ಅಂಟುಪಟ್ಟಿ ಹಚ್ಚುವುದು ಸಲ್ಲದು. ಲ್ಯಾಮಿನೇಷನ್ ಅಂತೂ ಮಾಡಿಸಲೇಬಾರದು. ಆ ಶಾಖ ಮತ್ತು ಪ್ಲಾಸ್ಟಿಕ್ಕಿನಿಂದ ಕಾಗದವನ್ನು ಮತ್ತೆ ಬಿಡಿಸಲಾಗದು. ಚೌಕಟ್ಟು ಹಾಕಿಸಿ ಬಿಸಿಲಿಗೆ ತೂಗುಹಾಕಿದರೆ ಶಾಯಿ ಮಾಸುತ್ತದೆ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಮಡಿಕೆ ಬಿಡಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಮಲಗಿಸಿಡುವುದು ಉತ್ತಮ. ಮಳೆಗಾಲದ ಮೊದಲೂ ಅನಂತರವೂ ಒಮ್ಮೆ ತೆರೆದು ಹುಳು ನೋಡಬೇಕು. ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿ, ಯಾರದು, ಯಾವಾಗ ಬಂತು, ಯಾರ ಹೆಸರಿಗೆ ಎಂದು ಒಂದು ವಹಿಯಲ್ಲಿ ನಮೂದಿಸಿದರೆ ಮುಂದೆ ಅದೇ ಪುರಾವೆಯಾಗುತ್ತದೆ.

ಭಾಲ್ಕಿಯವರ ಮನೆಯಲ್ಲಿ ಕೊನೆಗೆ ಒಂದು ಕಾರ್ಡು ಸಿಕ್ಕಿತು. ಆ ಕ್ಯಾಲೆಂಡರ್ ಚಿತ್ರದ ಚೌಕಟ್ಟನ್ನು ಬದಲಿಸಲು ಬಿಚ್ಚಿದಾಗ ಹಿಂಬದಿಯ ರಟ್ಟಿಗೂ ಹಲಗೆಗೂ ನಡುವೆ ಅದು ಸಿಲುಕಿಕೊಂಡಿತ್ತು. ಚಿತ್ರ ತಡವಾದುದಕ್ಕೆ ಕ್ಷಮೆ ಕೋರಿ, ಉಳಿದ ಹಣವನ್ನು ಮನಿಯಾರ್ಡರ್ ಮಾಡಬೇಕೆಂದು ಕೇಳಿದ ನಾಲ್ಕು ಸಾಲುಗಳವು. ಹಣ ಸಂದಾಯವಾಯಿತೆ ಎಂದು ನೋಡಲು ಆ ವರ್ಷದ ಖಾತೆ ವಹಿಯನ್ನು ಕೇಳಿದೆ. ಅದೂ ರದ್ದಿಗೆ ಹೋಗಿತ್ತು.