ತೊಟ್ಟಿಲು ಬರಿದಾದ ಮನೆಗೆ ಸಂಘ ಏನು ಮಾಡಬಹುದು?

ಮುಂಬಯಿ: ನಮ್ಮ ಸಂಘ-ಸಂಸ್ಥೆಗಳು ಸದಸ್ಯರ ಮನೆಯ ನಾಮಕರಣಕ್ಕೆ ಹೋಗಿ ಹರಸುತ್ತವೆ, ಹಿರಿಯರು ತೀರಿಕೊಂಡರೆ ಶ್ರದ್ಧಾಂಜಲಿ ಸಭೆ ಕರೆಯುತ್ತವೆ. ಆದರೆ ಮೂರು ತಿಂಗಳ ಕೂಸು ಮಲಗಿದಲ್ಲೇ ಕೊನೆಯುಸಿರೆಳೆದ ಮನೆಗೆ ಹೋಗಿ ಏನು ಮಾತನಾಡಬೇಕೆಂದು ನಮ್ಮಲ್ಲಿ ಹೆಚ್ಚಿನವರಿಗೆ ತೋಚುವುದಿಲ್ಲ. "ಇನ್ನೂ ಚಿಕ್ಕ ವಯಸ್ಸು, ಮತ್ತೊಂದು ಆದೀತು" ಎಂದು ಹೇಳಿ ಎದ್ದು ಬರುತ್ತೇವೆ. ಆ ತಾಯಿಗೆ ಬೇಕಾಗಿದ್ದುದು ಈ ಮಗು.

ಒಂದು ವರ್ಷದೊಳಗಿನ, ಆರೋಗ್ಯವಾಗಿದ್ದ ಶಿಶು ಹಠಾತ್ತನೆ ಸತ್ತು, ಶವಪರೀಕ್ಷೆ ಸಹಿತ ಪೂರ್ಣ ತನಿಖೆಯಲ್ಲೂ ಕಾರಣ ಸಿಗದಿದ್ದರೆ ವೈದ್ಯರು ಅದನ್ನು 'ಸಿಡ್ಸ್' ಎನ್ನುತ್ತಾರೆ. ಎರಡರಿಂದ ನಾಲ್ಕು ತಿಂಗಳ ಪ್ರಾಯದಲ್ಲಿ ಇದು ಹೆಚ್ಚು. ಶಿಶುವನ್ನು ಅಂಗಾತ ಮಲಗಿಸಿದರೆ ಅಪಾಯ ಕಡಿಮೆ. ಬ್ರಿಟನ್‌ನಲ್ಲಿ 1991ರಲ್ಲಿ ಈ ಪ್ರಚಾರ ಆರಂಭವಾದ ಮೇಲೆ ಇಂತಹ ಸಾವುಗಳು ಗಣನೀಯವಾಗಿ ಇಳಿದವು. ಆದರೆ ಇದು ಎಳೆಕೂಸು ಇರುವ ಮನೆಯಲ್ಲಿ ಹೇಳಬೇಕಾದ ಮಾತು, ಕೂಸನ್ನು ಕಳೆದುಕೊಂಡವಳ ಮುಂದೆ ಎತ್ತುವ ಮಾತಲ್ಲ. ದೃಷ್ಟಿ, ಕಾಲ್ಗುಣ, ತಾಯಿಯ ಅಜಾಗ್ರತೆ ಎಂಬ ಪಿಸುಮಾತುಗಳಂತೂ ಗಾಯಕ್ಕೆ ಉಪ್ಪು ಸವರಿದಂತೆ.

ಮೊದಲ ದಿನ ಬೇಕಾಗುವುದು ಜತೆ. ಮನೆಯಲ್ಲಿ ಹಠಾತ್ ಸಾವು ಸಂಭವಿಸಿದಾಗ ಪೊಲೀಸರು ಬಂದು ಪಂಚನಾಮೆ ಮಾಡಬಹುದು, ಶವಪರೀಕ್ಷೆಯೂ ನಡೆಯಬಹುದು. ಇದು ಕಾನೂನಿನ ಕ್ರಮವೇ ಹೊರತು ಹೆತ್ತವರ ಮೇಲಿನ ಆರೋಪವಲ್ಲ. ಮರಾಠಿ ಬಲ್ಲ ಸದಸ್ಯರೊಬ್ಬರು ಠಾಣೆ, ಆಸ್ಪತ್ರೆಗಳಿಗೆ ಜತೆಯಾಗಿ ಹೋದರೆ, ಇತ್ತೀಚೆಗೆ ಊರಿನಿಂದ ಬಂದ ದಂಪತಿಗೆ ಅದೇ ದೊಡ್ಡ ಆಸರೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸುವ ಓಡಾಟವನ್ನೂ ಅವರೇ ವಹಿಸಿಕೊಳ್ಳಬಹುದು.

ಹೆಚ್ಚಿನವರು ಮರೆಯುವ ಇನ್ನೊಂದು ಸಂಗತಿಯಿದೆ. ಮಗು ಹೋದರೂ ಎದೆಹಾಲು ತಕ್ಷಣ ನಿಲ್ಲುವುದಿಲ್ಲ. ಎದೆ ಗಟ್ಟಿಯಾಗಿ ನೋಯುತ್ತದೆ. ನೋವು ತಗ್ಗುವಷ್ಟು ಮಾತ್ರ ಹಾಲು ಹಿಂಡಿ, ತಣ್ಣನೆಯ ಬಟ್ಟೆ ಇಟ್ಟರೆ ಹಾಲು ಕ್ರಮೇಣ ಕಡಿಮೆಯಾಗುತ್ತದೆ. ಜ್ವರ ಬಂದರೆ, ಎದೆ ಕೆಂಪಾದರೆ ವೈದ್ಯರನ್ನು ಕಾಣಲೇಬೇಕು. ನಮ್ಮ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫೆರ್ನಾಂಡಿಸ್ ಅವರು ಆರಂಭಿಸಿದ ಎದೆಹಾಲಿನ ಬ್ಯಾಂಕ್ ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಹಾಲು ದಾನ ಮಾಡುವ ಮನಸ್ಸು ತಾಯಿಗೇ ಬಂದರೆ ವೈದ್ಯರಲ್ಲಿ ವಿಚಾರಿಸಬಹುದು. ಬೇರೆ ಯಾರೂ ಒತ್ತಾಯಿಸಬಾರದು.

ತಂದೆಯೂ ಮಗುವನ್ನು ಕಳೆದುಕೊಂಡವನೇ. ಸೂತಕ ಕಳೆಯುತ್ತಲೇ ಹೋಟೆಲಿಗೋ ಕಚೇರಿಗೋ ಮರಳುವ ಆತನನ್ನು "ಹೆಂಡತಿ ಹೇಗಿದ್ದಾಳೆ?" ಎಂದಷ್ಟೇ ಕೇಳುತ್ತೇವೆ. "ನೀನು ಹೇಗಿದ್ದಿ?" ಎಂದೂ ಕೇಳಬೇಕು. ನಿದ್ದೆ, ಊಟ ಬಿಟ್ಟವರಿಗೆ, ಬದುಕೇ ಬೇಡ ಎನ್ನುವವರಿಗೆ ತಡಮಾಡದೆ ತಜ್ಞರ ನೆರವು ಕೊಡಿಸಬೇಕು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರವಾಗಿದೆ.

ಪ್ರತಿ ಸಂಘದ ಮಹಿಳಾ ವಿಭಾಗವು ಇಂತಹ ಮನೆಗಾಗಿ ಇಬ್ಬರನ್ನು ನೇಮಿಸಲಿ. ಅವರು ಮೊದಲ ವಾರ ಊಟದ ಡಬ್ಬಿ ಕೊಂಡೊಯ್ಯಲಿ, ತಿಂಗಳ ಮೇಲೂ, ವರ್ಷ ತುಂಬುವ ದಿನವೂ ಬಾಗಿಲು ತಟ್ಟಲಿ. ಅರಸಿನ ಕುಂಕುಮಕ್ಕೆ, ಸೀಮಂತಕ್ಕೆ ಆ ತಾಯಿಯನ್ನು ಅಪಶಕುನವೆಂದು ಬಿಡದೆ ಕರೆಯಲಿ. ಬರುವುದು ಬಿಡುವುದು ಆಕೆಯ ಇಷ್ಟ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು ಹಿಡಿದೇ ಮಾತನಾಡಲಿ. ಇದಕ್ಕೆ ದೊಡ್ಡ ನಿಧಿಯಾಗಲಿ ವೇದಿಕೆಯಾಗಲಿ ಬೇಕಿಲ್ಲ.